ಬಿಳಿ ಚೀಲ

ಚಳಿಗಾಲ. ಬೆಳಗಿನ ಬಿಸಿಲು ಇನ್ನೂ ಹೊಸ್ತಿಲಿಗೆ ಬಂದಿರಲಿಲ್ಲ. ಆಸ್ಪತ್ರೆಯವರು ತಂದಿಟ್ಟ ಹೂವಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮುದುಕ ಉಗುರಿನಿಂದ ಮೆಲ್ಲಗೆ ಬಿಡಿಸುತ್ತಿದ್ದ. ಹರಿಯಬಾರದು, ಹರಿದರೆ ಹೆಂಡತಿ ಬೈಯುತ್ತಾಳೆ. ಬೈಯಬೇಕಾದವಳು ಒಳಗೆ ಹೊದ್ದು ಮಲಗಿದ್ದಳು. ಆದರೂ ಕೈ ಅಭ್ಯಾಸ ಬಿಡಲಿಲ್ಲ. ಹಾಳೆಯ ನೀರು ಒರೆಸಿ, ಮಡಿಸಿ, ಆಸ್ಪತ್ರೆಯ ವ್ಯಾನ್ ಡ್ರೈವರನಿಗೆ ಕೊಟ್ಟ.

"ತಗೊಂಡ್ಹೋಗಪ್ಪ. ಬಿಳಿ ಚೀಲದ ಮಾಲು ಇದು."

ಡ್ರೈವರನ ಕಣ್ಣು ಅತ್ತು ಊದಿತ್ತು. "ಯಾವ ಚೀಲಕ್ಕೆ ಹಾಕಿದ್ರೂ ಅಷ್ಟೇ ಬಿಡಣ್ಣ, ಎಲ್ಲಾ ಹೋಗೋದು ಕಸ ಸುಡೋ ಒಂದೇ ಒಲೆಗೆ," ಅಂದವನು ನಾಲಿಗೆ ಕಚ್ಚಿಕೊಂಡ.

*

ಮುದುಕನ ಹೆಂಡತಿ ಆಪರೇಷನ್ ಥಿಯೇಟರಿನ ಆಯಾ. ರೋಗಿ ಒಳಗೆ ಬರುವ ಮೊದಲೇ ಅಲ್ಲಿ ಸಾಮಾನಿನ ಕಟ್ಟುಗಳನ್ನು ಬಿಚ್ಚುತ್ತಾರೆ. ಸುತ್ತಿದ ನೀಲಿ ಹಾಳೆ, ಟ್ಯೂಬಿನ ಕವರು, ಎಲ್ಲ ರಾಶಿ ಬೀಳುತ್ತದೆ. ಒಂದು ಹನಿ ರಕ್ತ ತಾಗದ ಅದನ್ನೂ ರಕ್ತದ ಹತ್ತಿಯ ಜೊತೆಗೇ ಸುಡುತ್ತಿದ್ದರು. ಆಯಾ ಹಟ ಹಿಡಿದಳು. ಕರಗಿಸಿ ಬಕೆಟ್ಟು ಮಾಡುವವನೊಬ್ಬನನ್ನು ತಾನೇ ಹುಡುಕಿ ತಂದಳು. ರೋಗಿಯ ಮಂಚ ಬರುವುದರೊಳಗೆ ಬಿಳಿ ಚೀಲದ ಬಾಯಿ ಕಟ್ಟಿಬಿಡಬೇಕು, ಆಮೇಲೆ ಯಾರೂ ಬಿಚ್ಚಕೂಡದು. ಅದು ಅವಳ ಕಾನೂನು. ಎಲ್ಲರೂ ನಕ್ಕಾಗ ಜೊತೆಗೆ ನಿಂತವಳು ಥಿಯೇಟರ್ ಸಿಸ್ಟರ್ ಒಬ್ಬಳೇ. ಅಕ್ಕ ಅಕ್ಕ ಅನ್ನುತ್ತ ಮನೆಗೆ ಬಂದು ಉಂಡು ಹೋಗುತ್ತಿದ್ದಳು.

"ನನ್ನನ್ನ ಯಾವ ಚೀಲಕ್ಕೆ ಹಾಕ್ತೀಯೇ?" ಎಂದು ಮುದುಕ ಛೇಡಿಸಿದರೆ ಆಯಾ, "ನಿಮ್ಮನ್ನ ಯಾರೂ ತಗೊಳ್ಳಲ್ಲ, ಮನೇಲೇ ಇಟ್ಕೋಬೇಕು," ಅನ್ನುವಳು. ಸಿಸ್ಟರ್ ನಕ್ಕು ನಕ್ಕು ಕೆಮ್ಮುವಳು.

*

"ಬಾಯಿ ಬಿಟ್ಟಿದ್ದೀಯ, ಪೂರ್ತಿ ಹೇಳು," ಅಂದ ಮುದುಕ ಡ್ರೈವರನಿಗೆ.

"ಒಂದಿನ ಬಿಳಿ ಚೀಲದಲ್ಲಿ ಸೂಜಿ ಇತ್ತಣ್ಣ. ಬಕೆಟ್ಟಿನವನ ಮಗಳ ಕೈಗೆ ಚುಚ್ಚಿತು. ನಿಮ್ಮ ಸಹವಾಸವೇ ಬೇಡ ಅಂದುಬಿಟ್ಟ. ಆವತ್ತಿಂದ ಎಲ್ಲಾ ಒಲೆಗೇ. ಆಯಮ್ಮಂಗೆ ಮಾತ್ರ ಯಾರೂ ಹೇಳ್ಲಿಲ್ಲ."

"ಸೂಜಿ ಹಾಕಿದ್ದು ಇವಳಾ?"

ಡ್ರೈವರ್ ಬಾಗಿಲಲ್ಲಿ ನಿಂತಿದ್ದ ಸಿಸ್ಟರಿನ ಕಡೆ ನೋಡಿದ. ಅವಳು ಚೌಕಟ್ಟು ಹಿಡಿದುಕೊಂಡಳು.

"ನಾನೇ ಭಾವ. ಸೂಜಿ ಹಾಕೋ ಡಬ್ಬಿ ತುಂಬಿತ್ತು. ಅವಸರದಲ್ಲಿ ಅಕ್ಕ ಕಟ್ಟಿಟ್ಟ ಚೀಲ ಬಿಚ್ಚಿ ತುರುಕಿದೆ."

"ಬಕೆಟ್ಟಿನವನಿಗೆ ಏನಂದ್ರಿ?"

"ಆಯಾ ಓದಿದವಳಲ್ಲ, ಗೊತ್ತಾಗಿಲ್ಲ ಅಂದೆ."



"ನನ್ನ ಕೆಲಸ ಹೋಗ್ತಿತ್ತು ಭಾವ. ಆಮೇಲೆ ಹೇಳೋಣ ಅಂದರೆ ಅಕ್ಕ ನೊಂದ್ಕೊಳ್ತಾಳೆ ಅಂತ…"

"ಹೌದಮ್ಮ, ಅದಕ್ಕೇ ಸಾಯೋವರೆಗೂ ಚೀಲ ಕಟ್ಟೋಕೆ ಬಿಟ್ರಿ." ಮುದುಕನ ದನಿ ಏರಲಿಲ್ಲ. "ಬಕೆಟ್ಟಿನವನು ರಸ್ತೇಲಿ ಇವಳನ್ನ ಕಂಡು ಮುಖ ತಿರುಗಿಸಿಕೊಂಡು ಹೋದ. ನಾನೇನು ತಪ್ಪು ಮಾಡಿದ್ನೋ ಅಂತ ಇವಳು ತಟ್ಟೆ ಮುಂದೆ ಕೂತು ಅತ್ತಳು. ಅವತ್ತು ಪಕ್ಕದಲ್ಲಿ ಕೂತು ಕಣ್ಣೊರೆಸಿದ್ದು ನೀವೇ ಅಲ್ವಾ?"



*

ಹೆಣ ಎತ್ತುವಾಗ ಸಿಸ್ಟರ್ ಮುಂದೆ ಬಂದಳು. "ನೀವು ಬೇಡ," ಅಂದ ಮುದುಕ. ಅವಳು ಹೊರಲಿಲ್ಲ; ಎಲ್ಲರಿಗಿಂತ ಹಿಂದೆ, ಒಬ್ಬಳೇ ನಡೆದು ಬಂದಳು.

ಗುಂಡಿಯ ಹತ್ತಿರ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಡ್ರೈವರ್ ಹಾಕಿದ, ಅಕ್ಕಪಕ್ಕದ ಮನೆಯವರು ಹಾಕಿದರು. ಕೊನೆಗೆ ಸಿಸ್ಟರ್ ಬಗ್ಗಿ ಒಂದು ಹಿಡಿ ಎತ್ತಿಕೊಂಡು ಮುದುಕನ ಮುಖ ನೋಡಿದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗುದ್ದಲಿಯವನು ಕಾಯುತ್ತ ನಿಂತ. ಅವಳ ಕೈ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಚಾಚಿಕೊಂಡೇ ಇತ್ತು. ಆಮೇಲೆ ಹಿಂದಕ್ಕೆ ಬಂತು.

ಆಯಾ ಮಣ್ಣಿಗೆ ಹೋದದ್ದು ಆ ಶುಕ್ರವಾರ. ಅದೇ ಶುಕ್ರವಾರ ಸಿಸ್ಟರ್ ಯಾರಿಗೂ ಹೇಳದೆ ಸ್ಮಶಾನದ ಗೇಟು ದಾಟಿ ಹೋದಳು, ಬಿಗಿಹಿಡಿದ ಮುಷ್ಟಿಯ ಸಂದಿಯಿಂದ ಮಣ್ಣು ದಾರಿಯುದ್ದಕ್ಕೂ ಉದುರುತ್ತಿತ್ತು.