ನೀಲಿ ಮೂಲೆ

‘ಸಾರ್ವಕಾಲಿಕ ಶ್ರೇಷ್ಠ ಅಂತ ಹಾಕೋಕಾಗಲ್ಲ ಸಾರ್,’ ಎಂದು ಶಶಿಕಲಾ ಹೇಳಿದಾಗ ಗೋಪೀನಾಥನ ಬಾಯಲ್ಲಿ ಅರ್ಧ ಬೋಂಡಾ ಇತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅವನ ಬದುಕಿನ ಮುಖ್ಯ ಘಟ್ಟಗಳೆಲ್ಲ ಹೀಗೆಯೇ ಬಂದಿದ್ದವು.

ಬಸವೇಶ್ವರನಗರದ ಪಾರ್ಕಿನಲ್ಲಿ ನಿವಾಸಿಗಳ ಸಂಘ ಹೊಸದಾಗಿ ಕಟ್ಟಿಸಿದ ಜಿಮ್ಮಿಗೆ ಮಾಜಿ ಬಾಕ್ಸರ್ ರಾಚಪ್ಪನ ಹೆಸರಿಡಬೇಕೆಂದು ಹಟ ಹಿಡಿದವನು ಗೋಪೀನಾಥನೇ. ಹೆಸರಿಗೆ ಯಾರೂ ತಕರಾರು ತೆಗೆಯಲಿಲ್ಲ. ಬೋರ್ಡಿನಲ್ಲಿ ಅದರ ಕೆಳಗೆ ‘ಸಾರ್ವಕಾಲಿಕ ಶ್ರೇಷ್ಠ’ ಎಂದು ಬರೆಸಬೇಕು ಎಂದಾಗ ಮಾತ್ರ ಸಂಘದ ಕಾರ್ಯದರ್ಶಿ ಶಶಿಕಲಾ ಕನ್ನಡಕ ಹಾಕಿಕೊಂಡರು. ನಿವೃತ್ತ ಹೆಡ್‌ಮಿಸ್ಟ್ರೆಸ್, ಮಾರ್ಕ್ಸ್‌ಕಾರ್ಡ್ ನೋಡದೆ ದೇವರಿಗೂ ಕೈಮುಗಿಯುವವರಲ್ಲ.

ಈಗ ಜಿಮ್ಮಿನ ಮೇಜಿನ ಮೇಲೆ ರಾಚಪ್ಪನ ಫೈಲು ಬಿಚ್ಚಿಕೊಂಡಿತ್ತು. ಹೆಗ್ಗನಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ರಾಚಪ್ಪ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಆ ಬಿಸಿಲಿನಲ್ಲೂ ರಾಜ್ಯ ತಂಡದ ಹಳೆಯ ಬ್ಲೇಜರ್ ಹಾಕಿಕೊಂಡು ಬಂದಿದ್ದ.

‘ಹದಿನೇಳು ಫೈಟು, ಹದಿನಾರು ಗೆಲುವು,’ ಎಂದ ಗೋಪೀನಾಥ, ಬೋಂಡಾ ನುಂಗಿ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿದವನು. ‘ಶೇಕಡಾ ತೊಂಬತ್ನಾಲ್ಕು ಮೇಡಂ.’

‘ಅದರಲ್ಲಿ ಫೈನಲ್ ಅನ್ನೋದು ಒಂದೇ. ಎಂಬತ್ಮೂರರದ್ದು.’ ಶಶಿಕಲಾ ಹಳದಿಯಾದ ಪತ್ರಿಕೆಯ ತುಣುಕಿನ ಮೇಲೆ ಬೆರಳಿಟ್ಟರು. ‘ವಾಕ್‌ಓವರ್. ಎದುರಾಳಿ ಬರಲೇ ಇಲ್ಲ. ಒಂದು ಗುದ್ದೂ ಗುದ್ದದೆ ಚಾಂಪಿಯನ್ ಆದೋರನ್ನ ಸಾರ್ವಕಾಲಿಕ ಶ್ರೇಷ್ಠ ಅಂದ್ರೆ ಮಕ್ಕಳು ನಗ್ತಾರೆ.’

‘ಮೇಡಂ ಹೇಳೋದು ದಿಟ ಸಾ,’ ಎಂದ ರಾಚಪ್ಪ. ‘ನ್ಯಾಷನಲ್ ಕ್ಯಾಂಪಿಗೆ ಆರಿಸೋರು ಆ ಒಂದು ಫೈಟ್ ನೋಡಕ್ಕೇ ಬಂದಿದ್ರು. ನೋಡಕ್ಕೆ ಏನೂ ಇರ್ಲಿಲ್ಲ. ವಾಕ್‌ಓವರ್ ಚಾಂಪಿಯನ್ ಅಂತ ಹೆಸರು ಬಿತ್ತು. ಆಮೇಲೆ ಯಾರೂ ಕರೀಲಿಲ್ಲ.’

ಗೋಪೀನಾಥ ಪತ್ರಿಕೆಯ ತುಣುಕನ್ನು ತಲೆಕೆಳಗಾಗಿಯೇ ಓದಿದ. ‘ಎದುರಾಳಿ ಗೈರುಹಾಜರಾದ ಕಾರಣ’ ಎಂದಷ್ಟೇ ಇತ್ತು. ಹೆಸರಿರಲಿಲ್ಲ. ಸಮಾಧಾನವಾಗಬೇಕಿತ್ತು, ಸ್ವಲ್ಪ ಬೇಸರವಾಯಿತು. ನಲವತ್ತು ವರ್ಷ ಅಡಗಿಕೊಂಡಿದ್ದವನನ್ನು ಯಾರೂ ಹುಡುಕಿಯೇ ಇರಲಿಲ್ಲ.

ಆ ಎದುರಾಳಿ ಅವನೇ. ಸೆಮಿಫೈನಲ್‌ನಲ್ಲಿ ರಾಚಪ್ಪನ ಎಡಗೈ ಒಬ್ಬನ ಪಕ್ಕೆಗೆ ತಾಗಿದ್ದನ್ನು ನೋಡಿದ್ದ. ತಾಗಿಸಿಕೊಂಡವನು ಕೂಗಲಿಲ್ಲ, ಮದುವೆ ಊಟಕ್ಕೆ ಎಲೆಯ ಮುಂದೆ ಕೂತ ಹಾಗೆ ಮೆಲ್ಲಗೆ ಕೂತುಬಿಟ್ಟ. ಮರುದಿನ ಗೋಪೀನಾಥ ‘ಬಾತ್‌ರೂಮಿಗೆ ಹೋಗಿಬರ್ತೀನಿ’ ಎಂದು ಕೋಚಿಗೆ ಹೇಳಿ ಹೋದವನು ಚಿಲಕ ತೆಗೆಯಲೇ ಇಲ್ಲ. ಫೈನಲ್‌ನ ಗಂಟೆಯನ್ನು ಒಳಗಿನಿಂದಲೇ ಕೇಳಿದ.

ಎರಡನೇ ಸ್ಥಾನದ ಸರ್ಟಿಫಿಕೇಟು ಮಾತ್ರ ಟಪಾಲಿನಲ್ಲಿ ಮನೆಗೆ ಬಂತು. ಕಟ್ಟು ಹಾಕಿಸುವಾಗ ಇಸವಿ ಚೌಕಟ್ಟಿನೊಳಗೆ ಮುಚ್ಚಿಹೋಗುವಂತೆ ನೋಡಿಕೊಂಡ. ಕೇಳಿದವರಿಗೆ ‘ಕೂದಲೆಳೆ ಅಂತರದಲ್ಲಿ ಸೋತೆ’ ಎನ್ನುತ್ತಿದ್ದ. ಕೂದಲೆಲ್ಲ ಉದುರಿದ ಮೇಲೂ ಹಾಗೆಯೇ ಎನ್ನುತ್ತಿದ್ದ. ಬಡಾವಣೆಗೆಲ್ಲ ಅವನೀಗ ‘ಬಾಕ್ಸರ್ ಮೇಷ್ಟ್ರು’.

ರಾಚಪ್ಪ ಸಾರ್ವಕಾಲಿಕ ಶ್ರೇಷ್ಠನಾದರೆ ಅವನಿಗೆ ಹೆದರಿ ಓಡಿದ್ದು ವಿವೇಕ. ಅಲ್ಲವಾದರೆ ಬರೀ ಪುಕ್ಕಲುತನ. ಗೋಪೀನಾಥನಿಗೆ ಆ ಬೋರ್ಡು ಬೇಕಾಗಿದ್ದು ಅದಕ್ಕೆ.

‘ಆ ಹುಡುಗ ಯಾಕೆ ಬರ್ಲಿಲ್ಲ ಅಂತ ಗೊತ್ತಾದ್ರೆ ಬೇರೆ ಮಾತು,’ ಎಂದರು ಶಶಿಕಲಾ. ‘ಇವರಿಗೆ ಹೆದರ್ಕೊಂಡೇ ಬರ್ಲಿಲ್ಲ ಅಂತ ಯಾರಾದ್ರೂ ಹೇಳ್ಲಿ, ನಾನೇ ನಿಂತು ಬರೆಸ್ತೀನಿ. ಸಾರ್, ನೀವೂ ಆ ಕಾಲದ ಬಾಕ್ಸರ್ರೇ ಅಲ್ವಾ? ನಿಮಗೇನಾದ್ರೂ ಗೊತ್ತಾ?’

ರಾಚಪ್ಪ ತಲೆಯೆತ್ತಿ ಅವನನ್ನು ನೋಡಿದ. ಇಷ್ಟು ದಿನ ಫೋನಿನಲ್ಲಷ್ಟೇ, ಅದೂ ‘ಬಾಕ್ಸರ್ ಮೇಷ್ಟ್ರು’ ಎಂಬ ಹೆಸರಿನಲ್ಲೇ ಮಾತಾಡಿದ್ದರು. ಬೋಳುತಲೆ, ಹೊಟ್ಟೆ, ಮಡಿಕೆ ಬಿದ್ದ ಗಲ್ಲ. ಗೋಪೀನಾಥನ ಗುರುತು ಹಿಡಿಯುವುದು ಈಗ ಗೋಪೀನಾಥನಿಗೇ ಕಷ್ಟವಿತ್ತು.

ಒಂದು ವಾಕ್ಯ ಸಾಕಿತ್ತು. ಬಾಯಿಯೂ ಖಾಲಿಯಾಗಿತ್ತು.

‘ಜ್ವರ ಇದ್ದಿರಬಹುದು,’ ಎಂದ.

‘ಇದ್ರೂ ಇರ್ಬೋದು ಸಾ,’ ಎಂದ ರಾಚಪ್ಪ. ‘ಪಾಪ.’

ಶಶಿಕಲಾ ಬೋರ್ಡಿನ ಕರಡಿನಲ್ಲಿ ‘ಸಾರ್ವಕಾಲಿಕ ಶ್ರೇಷ್ಠ’ದ ಮೇಲೆ ಗೆರೆ ಎಳೆದು ‘ಹಿರಿಯ’ ಎಂದು ಬರೆದರು. ವಯಸ್ಸಿನ ದಾಖಲೆ ಸರಿಯಾಗಿತ್ತು. ರಾಚಪ್ಪ ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ ಫೈಲು ಕಟ್ಟಿದ. ಗೋಪೀನಾಥನಿಗೆ ನಾಚಿಕೆಯಾಯಿತು. ಜೊತೆಗೆ ಇನ್ನೊಂದು ಬೋಂಡಾ ತಿನ್ನಬೇಕೆನಿಸಿತು.

‘ಇಬ್ರೂ ಬಾಕ್ಸರ್ಸು. ಫೈಟ್ ಥರ ನಿಂತ್ಕೊಳ್ಳಿ, ಗ್ರೂಪಿಗೆ ಒಂದು ಫೋಟೋ ಹಾಕ್ತೀನಿ,’ ಎಂದು ಶಶಿಕಲಾ ಮೊಬೈಲು ತೆಗೆದರು.

ರಾಚಪ್ಪ ಬ್ಲೇಜರ್ ಬಿಚ್ಚಿ ಮಡಿಸಿಟ್ಟು ಚಾಪೆಯ ಮೇಲೆ ನಿಂತ. ಎಡಗೈ ಮುಂದೆ, ಬಲಗೈ ಗಲ್ಲದ ಹತ್ತಿರ. ಅರವತ್ತು ದಾಟಿದ ಮೈ ತನ್ನ ಹಳೆಯ ಜಾಗವನ್ನು ತಾನೇ ಹುಡುಕಿಕೊಂಡಿತು. ಆ ಎಡ ಮುಷ್ಟಿ ತನ್ನ ಪಕ್ಕೆಯನ್ನೇ ನೋಡುತ್ತಿದೆ ಎಂದು ಗೋಪೀನಾಥನಿಗೆ ಅನಿಸಿತು.

‘ಬಾತ್‌ರೂಮಿಗೆ ಹೋಗಿಬರ್ತೀನಿ,’ ಎಂಬ ಮಾತು ತಾನಾಗಿಯೇ ಬಂತು.

ಜಿಮ್ಮಿಗೆ ಅಂಟಿಕೊಂಡೇ ಬಾತ್‌ರೂಮು. ಚಿಲಕ ಹಾಕಿಕೊಂಡು, ಬಾಗಿಲ ಪಕ್ಕದ ಗವಾಕ್ಷಿಯ ಸಂದಿಯಿಂದ ಇಣುಕಿದ. ರಾಚಪ್ಪ ಕೈ ಇಳಿಸಿರಲಿಲ್ಲ.

‘ಸಾರ್ ಬರೋವರೆಗೂ ಕೂತ್ಕೊಳ್ಳಿ, ಕೈ ನೋಯುತ್ತೆ,’ ಎಂದರು ಶಶಿಕಲಾ.

‘ಇಲ್ಲ ಮೇಡಂ. ವಾಕ್‌ಓವರ್‌ಗೂ ಒಂದು ರೂಲ್ಸ್ ಐತೆ. ಗೆಲ್ಲೋನು ಗ್ಲೌಸ್ ಹಾಕ್ಕೊಂಡು ರಿಂಗಲ್ಲಿ ನಿಂತ್ಕೋಬೇಕು. ಗಂಟೆ ಹೊಡೀತಾರೆ. ಎದುರಾಳೀದು ನೀಲಿ ಮೂಲೆ. ಅದನ್ನೇ ನೋಡ್ಕೊಂಡು ಒಂದು ನಿಮಿಷ ಕಾಯ್ಬೇಕು. ಅವತ್ತೂ ಕಾದಿದ್ದೆ.’ ರಾಚಪ್ಪ ಬಾತ್‌ರೂಮಿನ ಬಾಗಿಲ ಕಡೆಗೆ ತಿರುಗಿ ನಿಂತ. ‘ಬಂದ್ರೂ ಬರ್ಬೋದು.’

ಗೋಪೀನಾಥ ಚಿಲಕದ ಮೇಲೆ ಕೈಯಿಟ್ಟು ಎಣಿಸತೊಡಗಿದ. ಸಂದಿಯಲ್ಲಿ ಎರಡು ಮುದಿ ಮುಷ್ಟಿಗಳು ಕಾಣುತ್ತಿದ್ದವು, ಅವುಗಳ ಎದುರಿಗೆ ಬರೀ ಚಾಪೆ. ಎಡ ಮುಷ್ಟಿ ಇಳಿಯಲೇ ಇಲ್ಲ. ಅರವತ್ತು ಮುಗಿಯಿತು. ಗೋಪೀನಾಥ ಮತ್ತೆ ಒಂದರಿಂದ ಎಣಿಸತೊಡಗಿದ.