ಎರಡನೇ ಬೆಳೆಗೆ ಬರುವವಳು

ಈ ವರ್ಷ ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡುವುದಿಲ್ಲ ಎಂಬ ಸುದ್ದಿ ನಮ್ಮ ಹಚ್ಚೊಳ್ಳಿಗೆ ಬಂದಾಗ ಊರವರೆಲ್ಲ ಒಂದೊಂದು ಚಿಂತೆ ಹಚ್ಚಿಕೊಂಡರು. ಡ್ಯಾಮಿನ ಗೇಟುಗಳು ಹಳೆಯವಾಗಿವೆ, ಬದಲಿಸಬೇಕು, ಅದಕ್ಕೆ ಬೇಸಿಗೆ ನೆಲ್ಲು ಹಚ್ಚಬೇಡಿ ಎಂದು ಹೇಳುತ್ತಿದ್ದಾರೆ. ಇರುವ ಸಂಗತಿ ಇಷ್ಟೇ. ಇದನ್ನೇ ನಮ್ಮ ಮನೆಯವರು, ಕಾಡಸಿದ್ದಪ್ಪ, ಬೆಳಿಗ್ಗೆಯಿಂದ ಸಂಜೆಯವರೆಗೆ ಫೋನಿನಲ್ಲಿ ಬೇರೆ ಬೇರೆ ಜನರ ಬಾಯಿಂದ ಕೇಳಿದರು. ಒಬ್ಬ ಸರ್ಕಾರವನ್ನು ಬೈದ, ಇನ್ನೊಬ್ಬ ಹಿಂದಿನ ಸರ್ಕಾರವನ್ನು ಬೈದ. ಎದುರುಮನೆ ಸುಂಕಮ್ಮ ಎಮ್ಮೆಗೆ ಹುಲ್ಲು ಎಲ್ಲಿಂದ ತರಲಿ ಎಂದು ತಲೆಯ ಮೇಲೆ ಕೈ ಹೊತ್ತಳು. ನನಗೆ ಮಾತ್ರ, ಹಾಗಾದರೆ ಎರ್ರೆಮ್ಮ ಬರುವುದಿಲ್ಲ ಎಂಬುದೊಂದೇ ಹೊಳೆಯಿತು.

ಎರ್ರೆಮ್ಮ ನನಗೆ ಯಾವ ಕಡೆಯಿಂದಲೂ ಸಂಬಂಧಿಯಲ್ಲ. ಗಡಿಯಾಚೆ, ಆದೋನಿ ಕಡೆಯವಳು. ಮಳೆಗಾಲದ ಬೆಳೆಗೆ ಅವಳು ಬರುವುದಿಲ್ಲ, ಆಗ ಅವರೂರಿನಲ್ಲೇ ಹತ್ತಿ ಕೆಲಸ ಇರುತ್ತದೆ. ಸಂಕ್ರಾಂತಿಯ ಆಚೆ ಈಚೆ ಇಲ್ಲಿ ಎರಡನೇ ಬೆಳೆಗೆ ಗದ್ದೆ ಕೆಸರಾದಾಗ ಸಿರುಗುಪ್ಪದ ಮೇಸ್ತ್ರಿ ಚಿನ್ನಪ್ಪ ಆ ಕಡೆಯ ಹೆಂಗಸರನ್ನು ಟ್ರ್ಯಾಲಿ ತುಂಬ ಕರೆತರುತ್ತಾನೆ. ಅವರು, ಈ ಊರಿನ ಕೂಲಿ ಹೆಂಗಸರಾದ ನಾವು, ಎಲ್ಲ ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಮಾಡುತ್ತೇವೆ. ಹತ್ತು ಹನ್ನೆರಡು ವರ್ಷದ ಹಿಂದೆ ಅವಳು ನನ್ನ ಎಡಕ್ಕೆ ಬಂದು ನಿಂತಳು. ಆಮೇಲೆ ಪ್ರತಿ ವರ್ಷವೂ ಅಲ್ಲೇ ನಿಂತಳು. ಬೇರೆ ಯಾರಾದರೂ ಆ ಜಾಗಕ್ಕೆ ಬಂದರೆ ಮೊಣಕೈಯಲ್ಲಿ ತಿವಿದು ಆಚೆ ಕಳಿಸುತ್ತಿದ್ದಳು, ರಾಕ್ಷಸಿ!

ಮೊದಲ ದಿನ ಬಗ್ಗಿದ ತಕ್ಷಣ, “ಹೂಂ, ಚೆಪ್ಪಮ್ಮೇ,” ಎನ್ನುತ್ತಿದ್ದಳು. ಹೇಳು ಎಂದು. ನಾನು ವರ್ಷದ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದೆ. ಯಾರು ಸತ್ತರು, ಯಾರ ಮದುವೆಯಲ್ಲಿ ಜಗಳವಾಯಿತು, ನಮ್ಮ ಮನೆಯವರ ಮೊಣಕಾಲು ಎಲ್ಲಿಗೆ ಬಂತು, ಎಲ್ಲ. ಅವಳು ತನ್ನ ಗಂಡನ ಕುಡಿತ, ಮಗನ ಬೈಕಿನ ಹಟ, ಮೇಕೆಗೆ ಹುಟ್ಟಿದ ಅವಳಿ ಮರಿ, ಒಂದನ್ನೂ ಬಿಡದೆ ಹೇಳುತ್ತಿದ್ದಳು. ಅವಳ ತೆಲುಗು ನನಗೆ ತಿಳಿಯುತ್ತಿತ್ತು, ನನ್ನ ಕನ್ನಡ ಅವಳಿಗೆ. ಬರಬರುತ್ತ ಅವಳೂ ಕನ್ನಡವನ್ನೇ ಮುರಿದು ಮುರಿದು ಆಡತೊಡಗಿದಳು, ಮಗುವಿಗೆ ಮಾತ್ರ ಬಿಡ್ಡ ಎಂದೇ ಅನ್ನುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದ ನನಗೆ ಅವಳ ಊರಿನ ಹೆಸರು ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಗಬೇಡಿ. ನಾನು ಕೇಳಲೇ ಇಲ್ಲ. ಅವಳು ‘ಮಾ ಊರು’ ಎನ್ನುತ್ತಿದ್ದಳು, ನಾನು ‘ನಿಮ್ಮೂರು’ ಎನ್ನುತ್ತಿದ್ದೆ, ಅಷ್ಟರಲ್ಲೇ ನಡೆದುಹೋಯಿತು. ಫೋನ್ ನಂಬರ್ ತೆಗೆದುಕೊಳ್ಳಬೇಕೆಂದೂ ಇಬ್ಬರಿಗೂ ಹೊಳೆಯಲಿಲ್ಲ. ಕಾಲುವೆಗೆ ನೀರು ಬಂದರೆ ಅವಳೂ ಬರುತ್ತಾಳೆ. ತಪ್ಪದೆ ಬರುವವರ ವಿಳಾಸವನ್ನು ಯಾರು ಕೇಳುತ್ತಾರೆ ಹೇಳಿ.

ಹೋದ ವರ್ಷದ ನಾಟಿಯಲ್ಲಿ ಒಂದು ಮಾತಾಯಿತು. ನನ್ನ ಒಬ್ಬಳೇ ಮಗಳು ಶಶಿರೇಖಾಳನ್ನು ಕುರುಗೋಡಿಗೆ ಕೊಟ್ಟಿದ್ದೆವು. ಅಳಿಯನದು ಗೊಬ್ಬರದ ಅಂಗಡಿ, ಮಾತು ಬೆಣ್ಣೆ, ಕಂಡಲ್ಲಿ ಕಾಲು ಮುಟ್ಟುವ ಹುಡುಗ. ಎಂದಿನಂತೆ ಸುದ್ದಿ ಹೇಳುತ್ತ ನಾನು, ಶಶಿ ಬಚ್ಚಲಲ್ಲಿ ಜಾರಿ ಬಿದ್ದು ಹಲ್ಲು ಮುರಿದುಕೊಂಡಳಂತೆ, ಹುಚ್ಚಿ, ನೆಲ ನೋಡಿ ನಡೆಯುವುದಿಲ್ಲ ಎಂದೆ. ಎರ್ರೆಮ್ಮ ಕೈಯಲ್ಲಿ ಸಸಿ ಹಿಡಿದು ನೆಟ್ಟಗೆ ನಿಂತುಬಿಟ್ಟಳು. ನಾಟಿಯ ಸಾಲಿನಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ, ಮೇಸ್ತ್ರಿ ಬೈಯುತ್ತಾನೆ.

“ಅಮ್ಮೇ, ಆ ವರ್ಷ ನಿನ್ ಬಿಡ್ಡ ಕೈ ಸುಟ್ಕೊಂತು ಅಂದಿ. ಆಮ್ಯಾಲಿನ ವರ್ಷ ಮೆಟ್ಲ ಮ್ಯಾಗಿಂದ ಬಿದ್ದು ಮುಂಗೈ ಮುರೀತು ಅಂದಿ. ಈಗ ಹಲ್ಲು ಅಂತೀ. ಕುರುಗೋಡಾಗ ನಿನ್ ಮಗಳಿಗೊಬ್ಬಾಕಿಗೇ ನೆಲ ಜಾರ್ತೈತಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿನ್ ಸಾಲು ನೀ ನೋಡ್ಕಾ,” ಎಂದೆ. ಅವಳು ಬಗ್ಗಿ ನಾಟಿ ಮಾಡಿದಳು, ಮತ್ತೆ ಆ ಮಾತು ಎತ್ತಲಿಲ್ಲ. ದಿನಾ ಫೋನಿನಲ್ಲಿ ಮಗಳ ದನಿ ಕೇಳುವ ನನಗೆ ಒಂದು ಗಾಯ ಮಾಯುವಷ್ಟರಲ್ಲಿ ಇನ್ನೊಂದು ಸುದ್ದಿ ಬಂದು ಹಿಂದಿನದು ಮರೆತುಹೋಗುತ್ತಿತ್ತು. ವರ್ಷಕ್ಕೊಮ್ಮೆ ಕೇಳುವವಳಿಗೆ ಎಲ್ಲ ಒಟ್ಟಿಗೆ ಕಂಡಿತ್ತು. ನಾಟಿ ಮುಗಿದು ಟ್ರ್ಯಾಲಿ ಹತ್ತುವಾಗ ನನ್ನ ರಟ್ಟೆ ಹಿಡಿದು, “ಬಿಡ್ಡನ್ನ ಮನಿಗೆ ತಂದ್ಕೋ. ಊರು ಏನಾರ ಅನ್ಲಿ,” ಎಂದಳು. ನಾನು ರಟ್ಟೆ ಬಿಡಿಸಿಕೊಂಡೆ. ಟ್ರ್ಯಾಲಿ ಹೋಯಿತು.

ಯುಗಾದಿ ಮುಗಿಸಿ, ಹೇಳದೆ ಕೇಳದೆ ಕುರುಗೋಡಿಗೆ ಹೋದೆ. ಶಶಿ ಊಟಕ್ಕೆ ಬಡಿಸುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಅಳಿಯ ಸುಮ್ಮನೆ ಒಮ್ಮೆ ಕೆಮ್ಮಿದ. ಬರೀ ಕೆಮ್ಮು. ಅವಳ ಕೈಯಿಂದ ನೀರಿನ ತಂಬಿಗೆ ಜಾರಿ ಬಿತ್ತು. ನಾನು ತಾಟಿನಲ್ಲಿ ಕೈ ತೊಳೆದು, “ನಡಿಯವ್ವ,” ಎಂದೆ. ಉಟ್ಟ ಸೀರೆಯಲ್ಲೇ ಎದ್ದು ಬಂದಳು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದವಳು ನಮ್ಮೂರು ಬರುವವರೆಗೂ ಏಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ. “ಯಾವಾಗ ಕಳಿಸ್ತೀಯಬೇ ಗಂಗಕ್ಕಾ?” ಸುಂಕಮ್ಮ ಕೇಳಿದಳು. ನೀರಿಗೆ ಹೋದರೆ ಅದೇ, ಕಿರಾಣಿ ಅಂಗಡಿಗೆ ಹೋದರೆ ಅದೇ. ಕುರುಗೋಡಿನಿಂದ ಹಿರಿಯರು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಸಂಸಾರ ಅಂದಮೇಲೆ ಸ್ವಲ್ಪ ಇದ್ದದ್ದೇ ಎಂದು ನನಗೆ ಬುದ್ಧಿ ಹೇಳಿದರು. ಸ್ವಲ್ಪವಂತೆ! ಕಾಡಸಿದ್ದಪ್ಪನವರೂ ತಲೆ ತಗ್ಗಿಸಿಕೊಂಡು, “ಇನ್ನೊಂದ್ ತಿಂಗ್ಳು ಬಿಟ್ಟು ಕಳಿಸಿದ್ರಾತು ಬಿಡು,” ಎಂದರು. ಅವತ್ತು ಅವರಿಗೆ ರೊಟ್ಟಿ ಹಾಕಲಿಲ್ಲ ನಾನು, ತಾವೇ ಹಾಕಿಕೊಂಡು ತಿಂದರು.

ಕೊನೆಗೆ ಶಶಿಯೇ ಬಳ್ಳಾರಿಗೆ ಹೋದಳು. ಗಾಂಧಿನಗರದ ಒಂದು ಟೈಲರ್ ಅಂಗಡಿಯಲ್ಲಿ ಜಂಪರ್ ಹೊಲಿಯುತ್ತಾಳೆ, ಅಂಗಡಿಯ ಮೇಲಿನ ರೂಮಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಇದ್ದಾಳೆ. ಸಂಜೆ ಫೋನ್ ಮಾಡಿ ಏನು ಉಂಡೆ, ಯಾವ ಗಿರಾಕಿ ತೋಳು ಬಿಗಿ ಎಂದು ಜಗಳಾಡಿದಳು, ಎಲ್ಲ ಹೇಳುತ್ತಾಳೆ. ಮೊನ್ನೆ ಮೊನ್ನೆ ಜೋರಾಗಿ ನಕ್ಕಳು. ಮಗಳು ನಗುವುದನ್ನು ಕೇಳಿ ಎಷ್ಟು ವರ್ಷವಾಗಿತ್ತೋ, ನನಗೇ ನೆನಪಿಲ್ಲ.

ಆದರೂ ಸುಳ್ಳು ಯಾಕೆ ಹೇಳಲಿ, ನನಗೆ ಎರ್ರೆಮ್ಮ ಬೇಕಿತ್ತು. ಅವಳ ಮುಂದೆ ಇದನ್ನು ಹೇಳಬೇಕಿತ್ತು. ನೀನು ಮಾಡಿದ್ದು ಸರಿ ಎಂದು ಈ ಭೂಮಿಯ ಮೇಲೆ ಒಬ್ಬರಾದರೂ ನನಗೆ ಹೇಳಬೇಕಿತ್ತು, ಹೇಳುವವಳು ಅವಳೊಬ್ಬಳೇ. ವರ್ಷವಿಡೀ ಏನೇ ನಡೆದರೂ ಮನಸ್ಸು ಅದನ್ನು ಅವಳಿಗೆಂದು ಎತ್ತಿಡುತ್ತಿತ್ತು. ಬಂಗಾರದ ರೇಟು ಕೇಳಿದಾಗಲೆಲ್ಲ ಸುಂಕಮ್ಮ ಕಿವಿಯೋಲೆ ಮುಟ್ಟಿ ನೋಡಿಕೊಳ್ಳುವುದು, ಹೆಂಗಸರಿಗೆ ಬಸ್ ಪುಕ್ಕಟೆಯಾದಮೇಲೆ ಸೀಟು ಸಿಗದ ಗಂಡಸರು ಮುಖ ಗಂಟು ಹಾಕಿಕೊಂಡು ನಿಲ್ಲುವುದು, ಗೌಡರ ಮಗ ಗದ್ದೆಗೆ ಡ್ರೋನಿನಲ್ಲಿ ಔಷಧ ಹೊಡೆಸಿದಾಗ ಎಮ್ಮೆಗಳೆಲ್ಲ ಹೆದರಿ ಹಗ್ಗ ಕಿತ್ತುಕೊಂಡು ಓಡಿದ್ದು. ಅದೇ ಹುಡುಗ, ಮುಂದಿನ ಸಲ ನೀರು ಬಂದರೆ ನಾಟಿಗೂ ಮಷಿನ್ ತರುತ್ತೇನೆ, ಯಾರ ಟ್ರ್ಯಾಲಿಗೂ ಕಾಯುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಮಷಿನ್ ಬಂದರೆ ಎರ್ರೆಮ್ಮ ಯಾಕೆ ಬರುತ್ತಾಳೆ?

ಸಂಕ್ರಾಂತಿ ಕಳೆಯಿತು. ಗದ್ದೆಗಳಲ್ಲಿ ಕೂಳೆ ಒಣಗಿ ನಿಂತಿತ್ತು, ಕುರಿಗಳು ಮೇಯುತ್ತಿದ್ದವು. ಈ ಹೊತ್ತಿಗೆ ಊರ ತುಂಬ ತೆಲುಗು ಹಾಡು, ಕೆಸರು ಕಾಲು, ಒಲೆ ಹೊಗೆ ಇರಬೇಕಿತ್ತು. ತಡೆಯಲಾಗದೆ, ಎರ್ರೆಮ್ಮನ ಊರಿಗೆ ಹೋಗಿ ಬರುತ್ತೇನೆ ಎಂದೆ.

“ಏನಂತ ಹೋಗ್ತೀ?” ಕಾಡಸಿದ್ದಪ್ಪನವರು ಕೇಳಿದರು. “ಮದಿವ್ಯಾ? ಮಣ್ಣಾ?”

“ಸುಮ್ನ ನೋಡಾಕ.”

“ಸುಮ್ನ ನೋಡಾಕ ಯಾರಾರ ಅಷ್ಟ್ ದೂರ ಹೋಗ್ತಾರೇನಬೇ?”

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಂಥ ಹೆಂಗಸರು ಬಸ್ ಹತ್ತಬೇಕಾದರೆ ಒಂದು ಮದುವೆ ಬೇಕು, ಇಲ್ಲ ಸಾವು ಬೇಕು, ಇಲ್ಲ ದವಾಖಾನೆ. ಮನಸ್ಸಾಯಿತು ಎಂದು ಯಾರೂ ಹೋಗುವುದಿಲ್ಲ. ಬೀಗರ ಬೀಗರನ್ನು ನೋಡಲು ಹೋದರೂ ಯಾರೂ ಏನೂ ಕೇಳುವುದಿಲ್ಲ, ಜೊತೆಗೆ ಕೆಸರು ತುಳಿದವಳನ್ನು ನೋಡಲು ಹೋದರೆ ಕೇಳುತ್ತಾರೆ. “ಕೇಳಿದವ್ರಿಗೆ ನನ್ ಹೆಂಡ್ತಿಗೆ ತಲಿ ಕೆಟ್ಟೈತಿ ಅನ್ರಿ,” ಎಂದು ಹೇಳಿ, ಆಧಾರ್ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಸಿರುಗುಪ್ಪದ ಬಸ್ ಹತ್ತಿದೆ. ಊರಿನ ಹೆಸರು ಗೊತ್ತಿದ್ದವನು ಚಿನ್ನಪ್ಪ ಮೇಸ್ತ್ರಿ ಒಬ್ಬನೇ.

ಅವನು ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿಯ ಬೆಂಚಿನ ಮೇಲೆ ಮಿರ್ಚಿ ಬಜ್ಜಿ ತಿನ್ನುತ್ತ ಕುಳಿತಿದ್ದ. ನೀರಿಲ್ಲದ ವರ್ಷ ಮೇಸ್ತ್ರಿಗೂ ಬೇರೆ ಕೆಲಸವಿಲ್ಲ.

“ಯಾವ ಎರ್ರೆಮ್ಮಬೇ? ನನ್ ಟ್ರ್ಯಾಲ್ಯಾಗ ನಾಕ್ ಮಂದಿ ಎರ್ರೆಮ್ಮ ಅದಾರ.”

“ಎಡಗೈಲೆ ನಾಟಿ ಮಾಡಾಕಿ. ಬಾಯಿ ದೊಡ್ದು.”

“ಓ, ಆಕಿ! ಇಷ್ಟ್ ವರ್ಷ ಜೋಡಿ ನಾಟಿ ಮಾಡೀರಿ, ಊರು ಗೊತ್ತಿಲ್ಲೇನು?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. “ಊರ್ ಹೆಸರು ತಗೊಂಡು ಏನ್ ಮಾಡ್ತೀ, ಗಂಗಕ್ಕಾ? ಆ ಓಣಿಗೆ ಓಣೀನ ಗುಂಟೂರು ಕಡಿ ಮೆಣಸಿನಕಾಯಿ ಬಿಡ್ಸಾಕ ಹೋಗೈತಿ. ಆಕಿ ಮನಿಗೂ ಬೀಗ ಐತಿ.”

ಅಷ್ಟು ದೂರ ಬಂದು ಹಾಗೇ ತಿರುಗುವ ಹೆಂಗಸು ನಾನಲ್ಲ. “ಅಲ್ಲಿ ಮೇಸ್ತ್ರಿ ಇರ್ತಾನಲ್ಲ, ಅವ್ನಿಗೆ ಫೋನ್ ಹಚ್ಚು,” ಎಂದೆ. ಅವನು ಗೊಣಗಿದ, ಏನು ಅಂಥಾ ಅವಸರ ಎಂದ. ನಾನು ಬೆಂಚಿನ ಇನ್ನೊಂದು ತುದಿಗೆ ಗಟ್ಟಿಯಾಗಿ ಕುಳಿತೆ. ನನ್ನ ಮುಖ ನೋಡಿ ಎಣ್ಣೆಗೈ ಒರೆಸಿಕೊಂಡು ನಂಬರ್ ಒತ್ತಿದ. ತೆಲುಗಿನಲ್ಲಿ ಆ ಮೇಸ್ತ್ರಿಯನ್ನೊಮ್ಮೆ ಬೈದು, ಅವನಿಂದ ಬೈಸಿಕೊಂಡು, ಆಮೇಲೆ, “ಹೊಲದಾಗ ಅದಾಳಂತ, ಕರೀತಾನ,” ಎಂದು ಫೋನನ್ನು ನನ್ನ ಕೈಗೆ ಕೊಟ್ಟ.

ಕಿವಿಗೆ ಹಿಡಿದು ಕುಳಿತೆ. ಆ ಕಡೆ ಗಾಳಿ, ಹೆಂಗಸರ ಗಲಾಟೆ, ಯಾರೋ ಅವಳನ್ನು ಕೂಗುವುದು ಕೇಳುತ್ತಿತ್ತು. ಏನು ಮೊದಲು ಹೇಳಲಿ? ಎಮ್ಮೆ ಓಡಿದ್ದನ್ನು ಹೇಳಿ ನಗಿಸಲಾ? ಹೋದ ವರ್ಷದ ನನ್ನ ಸಿಟ್ಟಿನ ಮಾತಿನಿಂದ ಮುನಿಸಿಕೊಂಡಿದ್ದರೆ? ಶಶಿಯ ವಿಷಯವನ್ನು ಮೇಸ್ತ್ರಿಯ ಮುಂದೆ ಹೇಗೆ ಎತ್ತಲಿ? ಎದುರಾಬದುರು ನಿಂತು ಮಾತಾಡಿದವರೇ ಅಲ್ಲ ನಾವು, ನೆಲ ನೋಡುತ್ತಲೇ ಮಾತಾಡಿದವರು. ಅಷ್ಟರಲ್ಲಿ ಏದುಸಿರು ಕೇಳಿತು. ಓಡಿ ಬಂದಿದ್ದಳು.

“ಎರ್ರೆಮ್ಮಾ, ನಾನಬೇ. ಹಚ್ಚೊಳ್ಳಿ ಗಂಗಕ್ಕ.”

ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

“ಅಮ್ಮೇ,” ಎಂದಳು. ಹೊಲದ ಆ ಬದುವಿನಿಂದ ಈ ಬದುವಿಗೆ ಕೇಳುವಂತೆ ಕೂಗುವವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲೇ ಇಲ್ಲ. “ಬಿಡ್ಡ ಬದುಕೈತಾ?”

ವರ್ಷವಿಡೀ ಕೇಳಿದ್ದರು ಜನ. ಯಾವಾಗ ಕಳಿಸುತ್ತೀ, ಏನು ತಪ್ಪು ಮಾಡಿ ಬಂದಳು, ಮುಂದೆ ಅವಳ ಗತಿಯೇನು, ನಿನಗೆ ಮಾನ ಇಲ್ಲವಾ. ಇದನ್ನೊಂದು ಯಾರೂ ಕೇಳಿರಲಿಲ್ಲ. ಹೆತ್ತ ನಾನೂ ಕೇಳಿಕೊಂಡಿರಲಿಲ್ಲ. ನಾನು ಕುರುಗೋಡಿಗೆ ಹೋಗದೇ ಇದ್ದಿದ್ದರೆ ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತಿದ್ದೆ ಎಂದು ಆಗ ತಿಳಿಯಿತು.

“ಬದುಕ್ಯಾಳಬೇ,” ಎಂದೆ. “ಮನಿಗೆ ತಂದ್ಕೊಂಡೆ. ನೀ ಹೇಳ್ದಂಗ ತಂದ್ಕೊಂಡೆ. ಬಳ್ಳಾರ್ಯಾಗ ಜಂಪರ್ ಹೊಲೀತಾಳ. ನಗ್ತಾಳಬೇ, ಹಲ್ಲಿಲ್ದ ಬಾಯಿ ತಕ್ಕೊಂಡು ನಗ್ತಾಳ.” ನಡುಬಜಾರಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಚಿನ್ನಪ್ಪ ಎದ್ದು ಬಾಣಲೆಯ ಕಡೆ ಹೋಗಿ ನಿಂತ.

ಎರ್ರೆಮ್ಮನೂ ಅಳುತ್ತಿದ್ದಳು. “ನೀನು ಸಿಟ್ಟಾಗಿದ್ದಿ. ಹೋದ್ಯೋ ಇಲ್ಲೋ ನಂಗ ಗೊತ್ತಿಲ್ಲ. ಸಂಕ್ರಾಂತಿಗೆ ಕೇಳಾನ ಅಂದ್ರ ನೀರು ಬರ್ಲಿಲ್ಲ, ಟ್ರ್ಯಾಲಿ ಬರ್ಲಿಲ್ಲ. ಯಾರ್ನ ಕೇಳ್ಲಿ ಅಮ್ಮೇ? ಆ ಬಿಡ್ಡನ್ ಮುಖಾನೇ ನಾನು ನೋಡಿಲ್ಲ. ಆದ್ರ ಕಣ್ ಮುಚ್ಚಿದ್ರ ಅದ ಬಿಡ್ಡ ಬಂದು ನಿಲ್ತಿತ್ತು.”

ಅಲ್ಲಿನ ಮೇಸ್ತ್ರಿ ಹಿಂದಿನಿಂದ ಕೂಗುತ್ತಿದ್ದ, ಕೆಲಸ ಬಿಟ್ಟು ಎಷ್ಟು ಹೊತ್ತು ಎಂದು. ಫೋನು ಅವನ ಕೈಗೆ ಹೋಗುವ ಮೊದಲು ಅವಳು ಮೂಗು ಸೀಟಿಕೊಂಡಳು.

“ಇವತ್ತು ನಿದ್ದಿ ಮಾಡ್ತೀನಮ್ಮೇ,” ಎಂದಳು.