ಮರುಳಪ್ಪನವರ ಪ್ಯಾಕ್

ಹೆಣ ಕೂರಿಸಿ ಹೊರುವ ವಿಮಾನಕ್ಕೆ ಕಟ್ಟುತ್ತಿದ್ದ ಬಾಳೆಕಂದಿನ ತುದಿಯನ್ನು ಬಸವಕುಮಾರ್ ಶಿವರಾಜುವಿನ ಕೈಯಿಂದ ಕಿತ್ತುಕೊಂಡ.

"ಬುಡಣ್ಣ. ಇಸ್ಪೀಟ್ ಹಿಡ್ದ ಕೈಯಾಗೆ ನಮ್ಮಪ್ಪನ ವಿಮಾನ ಮುಟ್ಬ್ಯಾಡ."

"ನಾನಾಗಿ ಬಂದಿಲ್ಲ ಕಣಪ್ಪ. ನಿಮ್ಮವ್ವ ಹೇಳಿಕಳಿಸಿದ್ರು."

"ಅವ್ವ ಕರೆದ್ರೆ ಅವ್ವನ ತಾವ ಹೋಗು. ಇಲ್ಲೇನ್ ಕೆಲ್ಸ?"

ಮಾಯಸಂದ್ರದ ಬಸ್ಸು ಬಿಟ್ಟರೆ ಬೇರೆ ಯಾವ ಗಾಡಿಯನ್ನೂ ನಂಬದ ಮರುಳಪ್ಪನವರಿಗೆ ಕೊನೆಗಾಲದಲ್ಲಿ ವಿಮಾನಯೋಗ! ಮಾತು ಶಿವರಾಜುವಿನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅಟ್ಟದ ಮೇಲೆ ಒಣಗಿದ ಕೊಬ್ಬರಿಯಂಥ ನಾಲಿಗೆ ಅವನದು, ಚೂರು ಅಲುಗಿದರೂ ಗಡಗಡ ಅನ್ನುತ್ತದೆ. ಮೈಕು, ಶಾಮಿಯಾನ ಬಾಡಿಗೆಗೆ ಕೊಡುವುದು ಅವನ ಕಸುಬು. ತಹಸೀಲ್ದಾರರು, ಬಸ್ ಕಂಡಕ್ಟರು, ಸೋಬಾನೆ ಹಾಡುವ ಭೈರಮ್ಮ, ಯಾರ ದನಿ ಕೇಳಿದರೂ ತೆಗೆದು ತೋರಿಸುತ್ತಿದ್ದ. ತನ್ನ ಸ್ವಂತ ದನಿಯನ್ನು ಮಾತ್ರ ಬಾಕಿ ಇಟ್ಟಿದ್ದ.

ಮರುಳಪ್ಪನವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಪಕ್ಕದವರ ಇಸ್ಪೀಟೆಲೆ ಇಣುಕಿ ನೋಡಿದವನನ್ನು ಇನ್ನೇನು ಗದರಿಸಿಬಿಡುತ್ತಾರೆ ಎನ್ನುವ ಹಾಗಿತ್ತು ಮುಖ. ಸತ್ತ ಮೇಲೂ ಈ ಮನುಷ್ಯನಿಗೆ ಬಿಗುಮಾನ ಹೋಗಿಲ್ಲವಲ್ಲ ಎಂದು ಶಿವರಾಜುವಿಗೆ ಸಿಟ್ಟೇ ಬಂತು.

"ಬಂದ್ರಪ್ಪ ಮೂರೆಲೆಯೋರು," ಅಂಗಳದಲ್ಲಿ ಕೂತಿದ್ದವರಲ್ಲಿ ಒಬ್ಬ ಅಂದ. "ಬಿಲ್ವಪತ್ರೆ ಇವನ ಕೈಗೆ ಕೊಡಬ್ಯಾಡಿ. ಅದೂ ಮೂರೆಲೇನೇ, ಹಂಚ್ಕಂಡ್ ಕೂತ್ಕತ್ತಾನೆ."

ಸಾವಿನ ಮನೆ ಎನ್ನುವುದನ್ನೂ ಮರೆತು ಕೆಲವರು ನಕ್ಕರು. ಮರುಳಪ್ಪನವರ ಜೊತೆ ಮೂವತ್ತು ವರ್ಷ ಎಲೆ ಆಡಿದ ಸಣ್ಣತಿಮ್ಮಯ್ಯ ಬೀಡಿ ಹಚ್ಚಿದ.

"ಆ ವರ್ಷತೊಡಕಿನ ಆಟದಾಗೇ ಕಣ್ರಪ್ಪ ಇವ್ರ ತಲೆ ಕೆಟ್ಟಿದ್ದು. ತಾವೇ ಪ್ಯಾಕ್ ಅಂದ್ರು, ತಾವೇ ಅನ್ಲಿಲ್ಲ ಅಂದ್ರು. ಹೆಸರಿಗೆ ತಕ್ಕಂಗೆ ಮರುಳಾಗೋದ್ರು."

"ಮೊದ್ಲು ಏನ್ ನೆಟ್ಟಗಿದ್ರಾ? ಸೋತೋನ್ನ ನೋಡಿ ನಕ್ಕೆ ಅಂತ ನನ್ನ ಎಬ್ಬಿಸಿ ಕಳ್ಸಿದ್ರು. ಆಟಕ್ಕೆ ಕರೆದು ಪಾಠ ಮಾಡೋರು," ಇನ್ನೊಬ್ಬ ಅಂದ.

ಶಿವರಾಜು ಕಂಬಕ್ಕೆ ಒರಗಿ ನಿಂತ. ಬಸವಕುಮಾರನ ಅವ್ವ ಸರ್ವಮಂಗಳಮ್ಮ ಯಾಕೆ ಹೇಳಿಕಳಿಸಿದರು? ಗೊತ್ತಾಗಿಹೋಗಿದೆಯೇ?

*

ಅದು ನಾಲ್ಕು ವರ್ಷದ ಹಿಂದಿನ ಮಾತು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಮರುಳಪ್ಪನವರ ತೋಟದಲ್ಲಿ ಜಮಖಾನ ಹಾಸಿ ಮೂರೆಲೆ ಆಡುವುದು ವಾಡಿಕೆ. ಪಣಕ್ಕೆ ದುಡ್ಡಿಲ್ಲ, ತೆಂಗಿನಕಾಯಿ. ಮರುಳಪ್ಪನವರ ಬಾಯಲ್ಲಿ ವೀಳ್ಯದೆಲೆ, ಕೈಯಲ್ಲಿ ಇಸ್ಪೀಟೆಲೆ, ನಾಲಿಗೆಯ ಮೇಲೆ ನಿಯಮ. ಗೆದ್ದವನು ಹಲ್ಲು ಕಿರಿಯಬಾರದು. ಸೋತವನನ್ನು ಆಡಿಕೊಳ್ಳಬಾರದು. ಪ್ಯಾಕ್ ಅಂದರೆ ಆಟ ಬಿಟ್ಟ ಹಾಗೆ, ಬಾಯಿಂದ ಬಿದ್ದ ಮೇಲೆ ವಾಪಸಿಲ್ಲ. ಬಿಟ್ಟ ಎಲೆ ಸತ್ತ ಎಲೆ, ಅದನ್ನು ಮಗುಚಿ ಯಾರಿಗೂ ತೋರಿಸಬಾರದು.

ಅದಕ್ಕೂ ಹಿಂದಿನ ವರ್ಷ, ಸೋತ ಸಣ್ಣತಿಮ್ಮಯ್ಯನ ಗೊಣಗಾಟವನ್ನು ಶಿವರಾಜು ಅವನದೇ ದನಿಯಲ್ಲಿ ಒಪ್ಪಿಸಿ ಎಲ್ಲರನ್ನೂ ನಗಿಸಿದ್ದ. ಮರುಳಪ್ಪ ಅವನನ್ನು ಎಬ್ಬಿಸಿ ನಿಲ್ಲಿಸಿ, ತಪ್ಪಾಯಿತು ಎಂದು ಹೇಳಿಸಿದ್ದರು. "ಆಟಕ್ಕೆ ಕೂತ್ಮೇಲೆ ಮನುಷ್ಯ ಆಗಿರು. ಮಂಗ ಆಗಬ್ಯಾಡ," ಎಂದಿದ್ದರು. ಆ ಮಾತು ವರ್ಷವಿಡೀ ಶಿವರಾಜುವಿನ ಎದೆಯಲ್ಲಿ ಕೊಳೆಯುತ್ತಿತ್ತು.

ಆವತ್ತು ಉಳಿದವರೆಲ್ಲ ಎಲೆ ಬಿಟ್ಟು, ಮರುಳಪ್ಪ ಮತ್ತು ಶಿವರಾಜು ಇಬ್ಬರೇ ಆಟದಲ್ಲಿ ಉಳಿದಿದ್ದರು. ಅಕ್ಕಪಕ್ಕ ಕೂತಿದ್ದರು. ಮರುಳಪ್ಪ ಎಲೆಗಳನ್ನು ಮುಖಕ್ಕೆ ಅಡ್ಡ ಹಿಡಿದು ಯೋಚಿಸುತ್ತಿದ್ದರು. ಎಲೆ ಹಂಚಿದ್ದ ಸಣ್ಣತಿಮ್ಮಯ್ಯ ಕಾಯಿ ರಾಶಿ ಸರಿಮಾಡುತ್ತಿದ್ದ. ಶಿವರಾಜು ತಲೆ ತಗ್ಗಿಸಿ, ತುಟಿ ಅಲುಗದ ಹಾಗೆ, ಮರುಳಪ್ಪನವರ ದನಿಯನ್ನು ಮೂಗಿನಿಂದ ಎಳೆದ.

"ಹ್ಞಾಂ... ನಂದು ಪ್ಯಾಕ್ ಕಣ್ರಪ್ಪಾ."

ಮರುಕ್ಷಣವೇ ನಕ್ಕು, ಅಂದಿದ್ದು ನಾನೇ ಎಂದು ಹೇಳಿಬಿಡಬೇಕೆಂದಿದ್ದ. ಅಷ್ಟರಲ್ಲಿ ಸಣ್ಣತಿಮ್ಮಯ್ಯ ಹಿಂದುಮುಂದು ನೋಡದೆ ಕೈ ಚಾಚಿ ಮರುಳಪ್ಪನವರ ಎಲೆಗಳನ್ನು ಎಳೆದು ಇಸ್ಪೀಟಿನ ಕಟ್ಟಿಗೆ ಸೇರಿಸಿಬಿಟ್ಟಿದ್ದ.

"ಲೇ, ನಾನು ಬಾಯೇ ಬಿಡ್ಲಿಲ್ವಲ್ಲೋ!"

"ನಾವೆಲ್ಲ ಕೇಳಿಸ್ಕಂಡ್ವಲ್ಲ ಮರುಳಪ್ಪಣ್ಣ. ನಿಮ್ದೇ ದನಿ. ನಿಮ್ದೇ ರೂಲು."

ಮರುಳಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಟ್ಟಿನ ಮೇಲಿನ ಮೂರೆಲೆ ತಿರುಗಿಸಿದ್ದರೆ ಸಾಕಿತ್ತು, ಅಂಥ ಎಲೆಯನ್ನು ಯಾರಾದರೂ ಬಿಡುತ್ತಾರೆಯೇ ಎಂದು ಕೇಳಬಹುದಿತ್ತು. ಕೈ ಅಲ್ಲಿಯವರೆಗೂ ಹೋಯಿತು. "ಸತ್ತ ಎಲೆ," ಎಂದು ವಾಪಸ್ ಬಂತು.

ಶಿವರಾಜು ಕಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡ. ಗೆದ್ದವನು ಹಲ್ಲು ಕಿರಿಯಬಾರದು ಎಂಬ ನಿಯಮವನ್ನು ಆವತ್ತು ಅವನಷ್ಟು ಚೆನ್ನಾಗಿ ಯಾರೂ ಪಾಲಿಸಲಿಲ್ಲ.

*

ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆಯೊಳಗೇ ಸುದ್ದಿ ಊರು ಸುತ್ತಿತ್ತು. ತಿಂಗಳೊಳಗೆ ಬಸವಕುಮಾರ್, "ತಾವೇನಂದ್ರು ಅಂತ ತಮಗೇ ಗೊತ್ತಿಲ್ದೋರು ರೇಟ್ ಹೇಳಿದ್ರೆ ನಮ್ಮ ಕೊಬ್ಬರಿ ಮಂಡಿ ಮುಳುಗೋಯ್ತದೆ," ಎಂದು ಅಪ್ಪನನ್ನು ಮನೆಯಲ್ಲಿ ಕೂರಿಸಿದ. ಆಮೇಲೊಮ್ಮೆ ಮಾಯಸಂದ್ರದ ಬಸ್‌ಸ್ಟ್ಯಾಂಡಿನ ಅಂಗಡಿ ಮುಂದೆ ಮರುಳಪ್ಪ ನಿಂತಿದ್ದು ಶಿವರಾಜುವಿಗೆ ಕಂಡಿತು. ಬೆಂಕಿಪೊಟ್ಟಣ ಕೇಳಿದರು. ಅಂಗಡಿಯವನು ತಿರುಗುವಷ್ಟರಲ್ಲಿ, "ನಾ ಈಗ ಏನ್ ಕೇಳ್ದೆ? ಬಾಯಿಂದ ಏನ್ ಬಂತು?" ಎಂದರು.

ಆ ಸಂಜೆ ಗೆಳೆಯರ ಮುಂದೆ ಶಿವರಾಜು ಅದನ್ನೂ ಮಾಡಿ ತೋರಿಸಿದ. ಒಳ್ಳೆಯ ನಗು ಬಿತ್ತು.

*

"ಬಾ ಇಲ್ಲಿ," ಸರ್ವಮಂಗಳಮ್ಮ ಕಂಬದ ಮರೆಗೆ ಬಂದು ನಿಂತರು. ಅತ್ತ ಕಣ್ಣಲ್ಲ, ಅಳು ಮುಗಿದ ಕಣ್ಣು.

"ನಿನ್ನ ಮೊಕ ಕಂಡ್ರೆ ನಂಗಾಗಲ್ಲ ಶಿವರಾಜ. ಆ ಇಸ್ಪೀಟಾಟಾನೇ ನನ್ನ ಮನೆ ತಿಂದಿದ್ದು. ಆದ್ರೂ ಕರೆಸಿದೀನಿ. ನೆನ್ನೆ ಸಂಜೆ ಇವ್ರು ನನ್ನ ಕೇಳಿದ್ರು, ಮಂಗಳಾ, ನಾನು ಪ್ಯಾಕ್ ಅನ್ಲಿಲ್ಲ, ನೀನಾದ್ರೂ ನಂಬ್ತೀಯೇನೇ ಅಂತ. ನಾನು ಹ್ಞೂಂ ಅನ್ಲಿಲ್ಲ. ಸುಮ್ನೆ ಉಣ್ರೀ ಅಂದೆ. ರಾತ್ರಿ ಕಳೆಯೋದ್ರೊಳ್ಗೆ ಹೋಗೇಬುಟ್ರು."

ಶಿವರಾಜು ನೆಲ ನೋಡಿದ.

"ಪಕ್ಕದಾಗೆ ಕೂತಿದ್ದೋನು ನೀನು. ಮಣ್ಣಿಗಿಡೋಕ್ ಮುಂಚೆ ನಂಗೆ ಗೊತ್ತಾಗ್ಬೇಕು. ಅಂದ್ರಾ, ಇಲ್ವಾ?"

ಹೇಳಿದರೆ ಈ ಅಂಗಳ ಅವನನ್ನು ನಡೆದುಕೊಂಡು ಹೋಗಲು ಬಿಡುವುದಿಲ್ಲ. ಬಸವಕುಮಾರನ ಕೈಯಲ್ಲಿ ಹಗ್ಗವಿತ್ತು, ಕುಡುಗೋಲಿತ್ತು.

"ಅಂದ್ರು ಅಕ್ಕಾರೆ," ಎಂದ ಶಿವರಾಜು. "ನನ್ನ ಕಿವಿಯಾರೆ ಕೇಳಿದೀನಿ."

ಸರ್ವಮಂಗಳಮ್ಮ ಮೆಲ್ಲಗೆ ತಲೆಯಾಡಿಸಿದರು. ಹೋಗಿ ಗಂಡನ ಎದುರು ಕೂತರು. ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಕೇಳಿಸ್ತೇನ್ರೀ? ಪಕ್ಕದಾಗೆ ಕೂತಿದ್ದೋನೇ ಹೇಳ್ತಾವ್ನೆ. ನೀವೇ ಅಂದಿದ್ದಂತೆ. ಇನ್ನಾದ್ರೂ ಹಟ ಬುಡಿ."

"ನಾ ಹೇಳ್ಲಿಲ್ವಾ?" ಎಂದ ಸಣ್ಣತಿಮ್ಮಯ್ಯ. ಯಾರೋ ಕಿಸಕ್ಕೆಂದರು.

ಸುಳ್ಳು ಅಕ್ಕಾರೆ, ಎನ್ನಲು ಶಿವರಾಜು ಬಾಯಿ ತೆರೆದ. ಊರಿನವರೆಲ್ಲರ ದನಿಯೂ ಇದ್ದ ಆ ಗಂಟಲಿನಲ್ಲಿ ಅವನ ದನಿ ಸಿಗಲಿಲ್ಲ. ಇನ್ನೊಂದು ಸಿಕ್ಕಿತು.

"ಹ್ಞಾಂ... ಪ್ಯಾಕ್ ಅಂದಿದ್ದು ನಾನಲ್ಲ ಕಣ್ರಪ್ಪಾ."

ಅಂಗಳದಲ್ಲಿದ್ದ ಅಷ್ಟೂ ತಲೆಗಳು ಒಟ್ಟಿಗೆ ಹೆಣದ ಕಡೆ ತಿರುಗಿದವು. ಸಣ್ಣತಿಮ್ಮಯ್ಯ ಎದ್ದು ನಿಂತು ಕೈ ಮುಗಿದ. ಬಸವಕುಮಾರ್ ಹಗ್ಗ ಬಿಟ್ಟು, "ಅಪ್ಪಾ?" ಎಂದ. ಮರುಳಪ್ಪನವರ ಬಾಯಿ ಮುಚ್ಚಿಯೇ ಇತ್ತು.

ಸರ್ವಮಂಗಳಮ್ಮ ಒಬ್ಬರೇ ಹೆಣಕ್ಕೆ ಬೆನ್ನು ಮಾಡಿದರು. ವಿಭೂತಿ ಬಳಿದ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, ಶಿವರಾಜು ನಿಂತಿದ್ದ ಕಂಬದ ಕಡೆಗೆ ನಡೆದರು.